ಮಾಳಿಗೆಗೆ ಮಣ್ಣು ಹಾಕುವ ತಿಂಗಳು

"ಮೌಲ್ಡು ಸೋರ್ತೈತೆ ಕಣವ್ವ" ಎಂದು ಅಪ್ಪ ಫೋನ್ ಮಾಡಿದ್ದು 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ. ಆ ವಾರ ನಮ್ಮ ಚಿತ್ರದುರ್ಗದ ಕಡೆ ಎಲ್ಲರ ಬಾಯಲ್ಲೂ ಒಂದೇ ಸುದ್ದಿ. ಮಾರಿಕಣಿವೆ ಜಲಾಶಯ ಕೋಡಿ ಬಿದ್ದಿತ್ತು. ಹಿಂದೆ ಬಿದ್ದಿದ್ದು 1933ರಲ್ಲಿ. 89 ವರ್ಷ ಕಾದ ನೀರನ್ನು ನೋಡಲು ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಅದೇ ವಾರ ನಾನಿದ್ದ ಬೆಂಗಳೂರಿನಲ್ಲಿ ಯಮಲೂರು, ಹೊರವರ್ತುಲ ರಸ್ತೆ ಎಲ್ಲ ಮುಳುಗಿ, ಕಂಪನಿ ಕೆಲಸದವರು ಟ್ರಾಕ್ಟರ್ ಹತ್ತಿ ಆಫೀಸಿಗೆ ಹೋಗುತ್ತಿದ್ದರು. ಒಂದೇ ಮಳೆಗಾಲದ ಎರಡು ಮುಖ. ಇವೆರಡರ ನಡುವೆ ನಮ್ಮನೆಯ ನಡುಮನೆಯಲ್ಲಿ ಬಿಂದಿಗೆ ಇಟ್ಟು, ಸೂರಿನಿಂದ ತೊಟ್ಟಿಕ್ಕುವ ನೀರನ್ನು ಅವ್ವ ಹಿಡಿಯುತ್ತಿದ್ದಳು.

ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1907ರಲ್ಲಿ ಮುಗಿದ ಕಲ್ಲು ಗಾರೆಯ ಕಟ್ಟೆ. ನಮ್ಮ ಮನೆ ಮುಗಿದದ್ದು 2010ರಲ್ಲಿ. ಆ ಮನೆಯ ನಕ್ಷೆ ಬರೆದವಳು ನಾನು. ಕಂಬಿಯ ಲೆಕ್ಕ ಹಾಕಿದವಳು, ಮೌಲ್ಡ್, ಅಂದರೆ ಕಾಂಕ್ರೀಟಿನ ಸೂರು, ಹಾಕುವ ದಿನ ರಜೆ ಹಾಕಿ ಬಂದು ಮೇಲೆ ನಿಂತಿದ್ದವಳೂ ನಾನೇ. ಸಿವಿಲ್ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಸೈಟ್ ಇಂಜಿನಿಯರ್ ಆಗಿ, ಮೊದಲ ಕೆಲವು ವರ್ಷದ ಸಂಬಳ ಕೂಡಿಟ್ಟು ಅಪ್ಪ-ಅವ್ವನಿಗೆ ಕಟ್ಟಿಸಿಕೊಟ್ಟ ಮನೆ ಅದು. ಹನ್ನೆರಡು ವರ್ಷಕ್ಕೇ ಅದು ಸೋರಿತೆಂಬ ಸಂಕಟ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಫೋನಿನ ಕೊನೆಗೆ ಅಪ್ಪ ಹೇಳಿದ ಮಾತು. "ಹಳೇ ಮನೆ ಆಗಿದ್ರೆ ನಾನೇ ಹತ್ತಿ ಎರಡು ಪುಟ್ಟಿ ಮಣ್ಣು ಹಾಕ್ತಿದ್ದೆ. ಇದಕ್ಕೇನು ಮಾಡ್ಬೇಕೋ ನಂಗೆ ತಿಳಿಯಕಿಲ್ಲ."

ಆ ಹಳೇ ಮನೆಯ ಬಗ್ಗೆ ಹೇಳಬೇಕು.

ನಮ್ಮದು ಚಳ್ಳಕೆರೆ ತಾಲ್ಲೂಕು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಕಾಣುವ ಸೀಮೆಗಳಲ್ಲಿ ಒಂದು. ಮಳೆ ಕಡಿಮೆ, ಬಿಸಿಲು ಜಾಸ್ತಿ, ದೊಡ್ಡ ಮರ ಅಪರೂಪ. ಇಂಥ ನೆಲದಲ್ಲಿ ಹುಟ್ಟಿದ್ದು ಮಾಳಿಗೆ ಮನೆ, ಅಂದರೆ ಮಟ್ಟಸವಾದ ಮಣ್ಣಿನ ಸೂರಿನ ಮನೆ. ನಮ್ಮದು ಒಂಬತ್ತಂಕಣದ ಮನೆ. ಅಂಕಣವೆಂದರೆ ನಾಲ್ಕು ಕಂಬಗಳ ನಡುವಿನ ಜಾಗ. ಈಗ ಮನೆಯನ್ನು ನೂರು ಚದರ ಅಡಿಗೆ ಒಂದು ಚದರ ಎಂದು ಅಳೆಯುವ ಹಾಗೆ ಆಗ ಅಂಕಣದಲ್ಲಿ ಅಳೆಯುತ್ತಿದ್ದರು. ಸಿಕ್ಕ ತೊಲೆ ಎಷ್ಟು ಉದ್ದವೋ ಅಂಕಣ ಅಷ್ಟೇ ಅಗಲ. ಮನೆಯ ಅಳತೆಯನ್ನು ಅಲ್ಲಿನ ಮರ ಹೇಳುತ್ತಿತ್ತು. ನಮ್ಮನೆಯ ಕಂಬಗಳು ಕಮರದವು. ಕಬ್ಬಿಣದಂಥ ಮರ, ಮೊಳೆ ಹೊಡೆದರೆ ಮೊಳೆಯೇ ಬಾಗುತ್ತಿತ್ತು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತೆ. ಜಂತೆಯ ಮೇಲೆ ಲಕ್ಕಿ ಗಿಡದ, ಬಂದರೆ ಗಿಡದ ಸೊಪ್ಪು ಹಾಸಿ, ಅದರ ಮೇಲೆ ಕಲಸಿದ ಮಣ್ಣು ಮೆತ್ತಿ, ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು ಹರಡುತ್ತಿದ್ದರು. ಗೋಡೆ ಒಂದೂವರೆ ಅಡಿಗಿಂತ ದಪ್ಪ, ಕಲ್ಲು ಮತ್ತು ಕೆಸರಿನದು.

ಚೌಳು ಮಣ್ಣಿನ ಗುಟ್ಟು ನನಗೆ ಗೊತ್ತಾಗಿದ್ದು ಕಾಲೇಜಿನಲ್ಲಿ ಮಣ್ಣಿನ ಪಾಠ ಕೇಳುವಾಗ. ಚೌಳಿನಲ್ಲಿ ಸೋಡಿಯಂ ಜಾಸ್ತಿ. ನೀರು ತಾಗಿದೊಡನೆ ಜೇಡಿಯ ಕಣಗಳು ಒಂದರಿಂದೊಂದು ಬಿಡಿಸಿಕೊಂಡು ಹರಡಿ, ಮಣ್ಣಿನ ಸಣ್ಣ ಸಣ್ಣ ಕಿಂಡಿಗಳನ್ನೆಲ್ಲ ಮುಚ್ಚಿಬಿಡುತ್ತವೆ. ಆಮೇಲೆ ನೀರು ಒಳಗಿಳಿಯುವುದಿಲ್ಲ. ಮೇಲೆಯೇ ಹರಿದು, ಸೂರಿನಂಚಿನ ನೀರುದೋಣಿಯಿಂದ ಆಚೆ ಬೀಳುತ್ತದೆ. ಹೊಲಕ್ಕೆ ಶಾಪವಾದ ಗುಣವೇ ಮಾಳಿಗೆಗೆ ವರ. ಏನೂ ಬೆಳೆಯದ ನೆಲದಿಂದ ಆ ಮಣ್ಣನ್ನು ಕೆರೆದು ತರುತ್ತಿದ್ದರು. ಯಾರ ಬೆಳೆಗೂ ಅದರಿಂದ ನಷ್ಟವಿಲ್ಲ.

ಇದು ಪ್ರತಿ ವರ್ಷದ ಕೆಲಸ. ಯುಗಾದಿ ಕಳೆದು ಮುಂಗಾರು ಮೋಡ ಕಟ್ಟುವ ಮೊದಲು ಅಪ್ಪ ಗಾಡಿ ಹೂಡಿಕೊಂಡು ಚೌಳು ತರುತ್ತಿದ್ದ. ಹೋದ ವರ್ಷದ ಮಳೆಗೆ ಕೊಚ್ಚಿಹೋದಷ್ಟು ಮಣ್ಣು ಈ ವರ್ಷ ಮತ್ತೆ ಮೇಲೇರಬೇಕು. ಇಡೀ ಊರಿನ ಮಾಳಿಗೆಗಳ ಮೇಲೆ ಆ ಒಂದೆರಡು ವಾರ ಜನ. ಒಬ್ಬರ ಮಾಳಿಗೆಯಿಂದ ಇನ್ನೊಬ್ಬರ ಮಾಳಿಗೆಗೆ ಮಾತು, ನಗು, ಜಗಳ. ಬೆಳಕಿಗೆಂದು ಬಿಟ್ಟ ಗವಾಕ್ಷಿಗೆ, ಮಳೆ ಬಂದಾಗ ಓಡಿ ಹೋಗಿ ಬೋಗುಣಿ ಕವುಚುವುದು ಮಕ್ಕಳಾದ ನಮ್ಮ ಕೆಲಸ. ಕೆಳಗೆ ಅಟ್ಟುಂಬುವ ಮನೆಯಿಂದ ಅವ್ವ ಕೂಗುವುದರೊಳಗೆ ಮೇಲೆ ಇರುತ್ತಿದ್ದೆವು.

ಅವ್ವನನ್ನು ಕೇಳಿದರೆ ಕಥೆ ಬೇರೆ. ಗಾಡಿಯಿಂದ ಮಾಳಿಗೆಗೆ ಮಣ್ಣು ಹೊತ್ತವಳು ಅವಳು. ಗೋಡೆ ಸಾರಿಸಿದವಳೂ ಅವಳೇ. ಜಂತೆಯ ಸಂದಿನಿಂದ ಅನ್ನದ ತಟ್ಟೆಗೆ ಉದುರುವ ಮಣ್ಣು, ಹಾಸಿಗೆಯ ಮೇಲೆ ಬೀಳುವ ಚೇಳು, ಹೊಗೆ, ಕತ್ತಲೆ, ಗೆದ್ದಲು. ಚಿಕ್ಕವಳಿದ್ದಾಗ ನನಗೂ ಒಮ್ಮೆ ಚೇಳು ಕುಟುಕಿ ಇಡೀ ರಾತ್ರಿ ಅವ್ವನ ತೊಡೆಯ ಮೇಲೆ ಅತ್ತಿದ್ದು ಇನ್ನೂ ನೆನಪಿದೆ. ಮಾಳಿಗೆ ಮನೆಯನ್ನು ಹೊಗಳಿ ಬರೆಯುವವರಲ್ಲಿ ಅದಕ್ಕೆ ಮಣ್ಣು ಹೊತ್ತವರು ಕಡಿಮೆ. ಆ ಮನೆ ನಿಂತದ್ದು ಚೌಳಿನ ಸೋಡಿಯಂನಿಂದ ಎಷ್ಟೋ, ಅವ್ವನ ಸೊಂಟದಿಂದಲೂ ಅಷ್ಟೇ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಳೆ ಉತ್ತರ ಕರ್ನಾಟಕದವರಿಗೆ ಮರೆಯುವಂಥದ್ದಲ್ಲ. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮನೆಗಳು ಊರಿಗೆ ಊರೇ ಕುಸಿದವು. ಬಿಟ್ಟು ಬಿಟ್ಟು ಬರುವ ಮಳೆಗೆ ಹೊಂದಿಕೊಂಡ ಮನೆ, ದಿನಗಟ್ಟಲೆ ಬಿಡದೆ ಸುರಿದರೆ ನೆನೆದು ಭಾರವಾಗುತ್ತದೆ. ಗೋಡೆಯ ಬುಡ ಕರಗುತ್ತದೆ. ನಮ್ಮೂರಿಗೆ ಅಷ್ಟು ಮಳೆ ಬರಲಿಲ್ಲ. ಆದರೂ ಹಿತ್ತಲ ಗೋಡೆ ಒಂದು ಗೇಣು ವಾಲಿತು. ಟಿವಿಯಲ್ಲಿ ಅವಶೇಷದಡಿಯಿಂದ ಹೆಣ ತೆಗೆಯುವುದನ್ನು ನೋಡಿದ ಮೇಲೆ ಅವ್ವ ಆ ಕೋಣೆಯಲ್ಲಿ ಮಲಗಲಿಲ್ಲ. ಅಣ್ಣನಿಗೆ ಹೆಣ್ಣು ಕೇಳಲು ಹೋದ ಕಡೆ "ಮೌಲ್ಡ್ ಮನೆ ಐತಾ?" ಎಂದು ಕೇಳಿದ್ದರು. ಸರ್ಕಾರದ ಕಾಗದದಲ್ಲಿ ನಮ್ಮ ಮನೆಯ ಹೆಸರು ಕಚ್ಚಾ ಮನೆ. ಪಕ್ಕಾ ಮನೆ ಎಂದರೆ ಸಿಮೆಂಟು, ಕಂಬಿ. ಅಪ್ಪನ ಅಪ್ಪ ಕಟ್ಟಿ ಮೂರು ತಲೆಮಾರು ಬಾಳಿದ ಮನೆಯನ್ನು ಕಚ್ಚಾ ಎಂದು ಬರೆದ ಕಾಗದಕ್ಕೆ ನಾವೆಲ್ಲ ತಲೆಯಾಡಿಸಿದೆವು. ಮೊದಲು ತಲೆಯಾಡಿಸಿದವಳು ಓದಿದ ನಾನು.

ಕೆಡವಿದ ದಿನದ ಒಂದು ಸಂಗತಿ ಆಗ ನನ್ನ ಗಮನಕ್ಕೆ ಬಂದಿರಲಿಲ್ಲ, ಈಗ ಮನಸ್ಸಿನಿಂದ ಹೋಗುತ್ತಿಲ್ಲ. ಆ ಮನೆಯಿಂದ ಎಸೆಯುವಂಥದ್ದು ಏನೂ ಹುಟ್ಟಲಿಲ್ಲ. ಗೋಡೆಯ ಕಲ್ಲು ಹೊಸ ಮನೆಯ ಪಾಯಕ್ಕೆ ಹೋಯಿತು. ಮಾಳಿಗೆಯ ಮಣ್ಣು ಪಾಯ ತುಂಬಲು ಆಯಿತು. ಗೋಡೆಯ ಹಳೇ ಮಣ್ಣು ಗೊಬ್ಬರದಷ್ಟೇ ಒಳ್ಳೆಯದೆಂದು ದೊಡ್ಡಪ್ಪ ಹೊಲಕ್ಕೆ ಹೊಡೆಸಿಕೊಂಡ. ಜಂತೆಗಳು ದನದ ಕೊಟ್ಟಿಗೆಗೆ, ಮುರಿದವು ನೀರೊಲೆಗೆ. ಕಮರದ ಕಂಬಗಳನ್ನು ಹಳೇ ಸಾಮಾನಿನ ವ್ಯಾಪಾರಿ ಕೊಂಡುಹೋದ. ಈಗ ಯಾವುದೋ ರೆಸಾರ್ಟಿನ ಬಾಗಿಲಲ್ಲಿ ನಿಂತಿರಬಹುದು. ಒಂದು ವಾರದಲ್ಲಿ ಮನೆ ಬಂದ ಕಡೆಗೇ ಹಿಂತಿರುಗಿತ್ತು.

ಹೊಸ ಮನೆ ಎಂಟು ಚದರ. ಚದರಕ್ಕೆ ನಲವತ್ತು ಮೂಟೆ ಸಿಮೆಂಟು, ನಾನ್ನೂರು ಕಿಲೋ ಕಂಬಿ ಎಂದು ಮೇಸ್ತ್ರಿಗಳು ಬಾಯಲ್ಲೇ ಲೆಕ್ಕ ಹೇಳುತ್ತಾರೆ, ಆ ಲೆಕ್ಕ ಹೆಚ್ಚುಕಡಿಮೆ ಸರಿ. ನಮ್ಮ ಮನೆಗೆ ಮುನ್ನೂರಿಪ್ಪತ್ತು ಮೂಟೆ, ಅಂದರೆ ಹದಿನಾರು ಟನ್ ಸಿಮೆಂಟು. ಸಿಮೆಂಟು ಮಾಡುವುದು ಸುಣ್ಣದಕಲ್ಲನ್ನು 1450 ಡಿಗ್ರಿ ಆಸುಪಾಸಿನ ಗೂಡಿನಲ್ಲಿ ಸುಟ್ಟು. ಆ ಗೂಡಿಗೆ ಉರಿಸುವ ಕಲ್ಲಿದ್ದಲಿನ ಹೊಗೆ ಒಂದು ಲೆಕ್ಕ. ಆದರೆ ಅದಕ್ಕಿಂತ ದೊಡ್ಡದು ಕಲ್ಲಿನೊಳಗೇ ಇರುವುದು. ನೂರು ಕಿಲೋ ಶುದ್ಧ ಸುಣ್ಣದಕಲ್ಲು ಸುಟ್ಟರೆ ನಲವತ್ನಾಲ್ಕು ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಸೌದೆಯಿಂದ ಸುಡಿ, ಸೂರ್ಯನ ಶಕ್ತಿಯಿಂದ ಸುಡಿ, ಅದು ತಪ್ಪುವುದಿಲ್ಲ. ಒಂದು ಟನ್ ಸಿಮೆಂಟಿಗೆ ಅರ್ಧ ಟನ್ನಿಗೂ ಮೀರಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಪ್ರಪಂಚ ಉಗುಳುವ ಇಂಗಾಲದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಎಂಟು ಪಾಲು ಸಿಮೆಂಟಿನದೇ.

ಮರಳು ವೇದಾವತಿಯದು. ನಮ್ಮ ಕಡೆಯ ಹೊಳೆ ವರ್ಷದಲ್ಲಿ ಬಹುಪಾಲು ದಿನ ಒಣಗಿಯೇ ಇರುತ್ತದೆ. ಆದರೆ ಆ ಒಣ ಮರಳಿನ ಕೆಳಗೆ ನೀರು ಇರುತ್ತಿತ್ತು. ಚಿಕ್ಕವರಿದ್ದಾಗ ಕೈಯಲ್ಲೇ ಒರತೆ ತೋಡಿ ಕುಡಿದಿದ್ದೇವೆ. ಮರಳು ಹೊಳೆಯ ಹೊಟ್ಟೆ. ಬಂದ ನೀರನ್ನು ಹಿಡಿದಿಟ್ಟು ಎರಡೂ ದಡದ ಬಾವಿಗಳಿಗೆ ನಿಧಾನವಾಗಿ ಕೊಡುತ್ತಿತ್ತು. ಅದನ್ನು ಲಾರಿಗಟ್ಟಲೆ ಬಗೆದ ಮೇಲೆ ಬಂದ ನೀರು ಬಂದ ಹಾಗೇ ಓಡುತ್ತದೆ. ಕಾಲುವೆಗೂ ಹೊಳೆಗೂ ವ್ಯತ್ಯಾಸ ಉಳಿಯುವುದಿಲ್ಲ. ಮನೆ ಕಟ್ಟಿದ ವರ್ಷ ನನ್ನ ಕಣ್ಣಿಗೆ ಬಿದ್ದದ್ದು ಒಂದು ಲೋಡಿಗೆ ಎಷ್ಟು ರೂಪಾಯಿ ಎಂಬುದು ಮಾತ್ರ.

ಬೆಂಗಳೂರಿನ ಕೆಲಸದಲ್ಲಿ ಇದೇ ಸಂಗತಿಗಳು ನೂರು ಪಟ್ಟಾಗಿ ದಿನವೂ ಎದುರಿಗೆ ನಿಲ್ಲುತ್ತವೆ. ನದಿ ಮರಳಿಗೆ ಕಡಿವಾಣ ಬಿದ್ದ ಮೇಲೆ ಕಲ್ಲು ಪುಡಿಮಾಡಿ ತೆಗೆಯುವ ಎಂ ಸ್ಯಾಂಡ್ ಬಂತು. ಹೊಳೆ ಸ್ವಲ್ಪ ಉಸಿರಾಡಿತು, ಗುಡ್ಡಗಳು ಪುಡಿಯಾಗತೊಡಗಿದವು. ಅವೆರಡರ ನಡುವೆ ಫಿಲ್ಟರ್ ಮರಳಿನ ದಂಧೆ ಎಂಬುದೊಂದಿದೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಕೆರೆಯಂಗಳದ, ಹೊಲದ ಮೇಲ್ಮಣ್ಣನ್ನು ಬಗೆದು, ಕೊಳವೆಬಾವಿಯ ನೀರಿನಿಂದ ತೊಳೆದು, ಜೇಡಿಯನ್ನೆಲ್ಲ ಹರಿಯಬಿಟ್ಟು, ಉಳಿದ ಮರಳನ್ನು ಮಾರುವುದು. ಕುಡಿಯಲು ನೀರಿಲ್ಲದ ಸೀಮೆಯಲ್ಲಿ ನೀರು ಹಾಕಿ ಮಣ್ಣು ತೊಳೆಯುವುದು ಎಂದರೇನು ಎಂದು ಒಂದು ನಿಮಿಷ ಯೋಚಿಸಿ. ಒಂದು ಇಂಚು ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ನಗರದ ಯಾವ ಗೋಡೆಯ ಗಿಲಾವಿನಲ್ಲಿ ಯಾವ ಕೆರೆ ಇದೆಯೋ ಹೇಳುವವರಿಲ್ಲ.

2024ರ ಮಾರ್ಚ್ ನನ್ನ ಕೆಲಸದ ಅನುಭವದಲ್ಲೇ ಕಷ್ಟದ ತಿಂಗಳು. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕಾರು ತೊಳೆಯಲು, ಗಿಡಕ್ಕೆ ಹಾಕಲು, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು. ಆಗ ನಾನಿದ್ದ ಸೈಟಿನಲ್ಲಿ ಒಂದು ಮಹಡಿಯ ಸ್ಲ್ಯಾಬ್ ಹಾಕಿ ಎರಡು ದಿನವಾಗಿತ್ತು. ಕಾಂಕ್ರೀಟು ಗಟ್ಟಿಯಾಗಲು ನೀರು ಕುಡಿಯಬೇಕು. ಕನಿಷ್ಠ ಏಳು ದಿನ, ಹಾರುಬೂದಿ ಬೆರೆತಿದ್ದರೆ ಹತ್ತು ದಿನ. ಸ್ಲ್ಯಾಬಿನ ಮೇಲೆ ಸಿಮೆಂಟಿನ ಗಾರೆಯಿಂದ ಚೌಕ ಚೌಕವಾಗಿ ಪಾತಿ ಕಟ್ಟಿ ನೀರು ನಿಲ್ಲಿಸುತ್ತೇವೆ, ಗದ್ದೆಯಂತೆ. ಶುದ್ಧೀಕರಿಸಿದ ಕೊಳಚೆ ನೀರಿನ ಟ್ಯಾಂಕರಿಗೆ ಬರೆದಿದ್ದೆವು, ಬಂದಿರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಮೇಲೆ ಹೋದೆ. ಒಣಗಿದ ಪಾತಿಗಳ ತಳದಲ್ಲಿ ಕೂದಲೆಳೆಯಂಥ ಬಿರುಕುಗಳು ಶುರುವಾಗಿದ್ದವು. ಯಾದಗಿರಿ ಕಡೆಯ ಒಬ್ಬ ಹೆಂಗಸು ಗೋಣಿಚೀಲಗಳನ್ನು ಸ್ಲ್ಯಾಬಿನ ಮೇಲೆ ಹಾಸಿ, ಒಂದು ಬಕೆಟ್ಟಿನಿಂದ ಕೈಯಲ್ಲೇ ಚಿಮುಕಿಸುತ್ತಿದ್ದಳು. ಮಗುವಿಗೆ ನೀರು ಕುಡಿಸುವಷ್ಟು ಜಾಗರೂಕತೆಯಿಂದ. ಎಲ್ಲಿಯ ನೀರು ಎಂದು ಕೇಳಿದೆ. "ನಿನ್ನಿ ಬಟ್ಟಿ ಒಗದಿದ್ದು ಉಳಿದಿತ್ರೀ" ಎಂದಳು. ಅವರ ಕುಟುಂಬವಿದ್ದದ್ದು ಸೈಟಿನ ಮೂಲೆಯ ತಗಡಿನ ಶೆಡ್ಡಿನಲ್ಲಿ. ಕುಡಿಯುವ ನೀರನ್ನು ಅವರು ಎರಡು ಬೀದಿ ಆಚೆಯಿಂದ ಕ್ಯಾನಿನಲ್ಲಿ ಹೊತ್ತು ತರುತ್ತಿದ್ದರು. ಅವಳು ಬಂದ ಸೀಮೆಯ ಪಕ್ಕದಲ್ಲೇ ವಾಡಿ, ಸೇಡಂ, ಶಹಾಬಾದ್ ಇವೆ. ರಾಜ್ಯದ ದೊಡ್ಡ ದೊಡ್ಡ ಸಿಮೆಂಟ್ ಕಾರ್ಖಾನೆಗಳಿರುವುದು ಅಲ್ಲೇ. ಕಲ್ಲೂ ಅಲ್ಲಿಂದ ಬರುತ್ತದೆ, ಕೈಗಳೂ ಅಲ್ಲಿಂದಲೇ ಬರುತ್ತವೆ. ಎಪ್ರಿಲ್ಲಿನ ಬಿಸಿಲಿನಲ್ಲಿ ಆ ತಗಡಿನ ಶೆಡ್ಡಿನೊಳಗೆ ಹತ್ತು ನಿಮಿಷ ಕುಳಿತು ನೋಡಿದ್ದೇನೆ. ನಾವು ಕಟ್ಟುತ್ತಿದ್ದ ಕಟ್ಟಡಕ್ಕೆ ಹಸಿರು ಪ್ರಮಾಣಪತ್ರ ಸಿಗಲಿತ್ತು. ಅದರ ಪಟ್ಟಿಯಲ್ಲಿ ಕಡಿಮೆ ನೀರಿನ ನಲ್ಲಿಗಳಿಗೆ ಅಂಕವಿತ್ತು, ಎಲ್‌ಇಡಿ ದೀಪಕ್ಕೆ ಅಂಕವಿತ್ತು. ಪಡುವಣ ದಿಕ್ಕಿಗೆ ಇಡೀ ಗಾಜಿನ ಗೋಡೆ ಇತ್ತು. ಸಂಜೆ ಬಿಸಿಲು ಒಳಗೆ ಬಿದ್ದರೆ ಪರದೆ ಎಳೆಯಬೇಕು, ಪರದೆ ಎಳೆದರೆ ದೀಪ ಹಾಕಬೇಕು, ಎರಡಕ್ಕೂ ಎಸಿ ಓಡಬೇಕು. ಬೇಸಿಗೆಯಲ್ಲೂ ಫ್ಯಾನು ಬೇಡದ ಊರು ಎಂದು ಹೆಸರಾಗಿದ್ದ ಬೆಂಗಳೂರಿನಲ್ಲಿ 2016ರ ಎಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಯಿತು. ಗಾಜಿನ ಗೋಡೆಗಳು ಆಚೆಗೆ ತಳ್ಳುವ ಬಿಸಿ ಬೀದಿಯಲ್ಲಿರುವವರ ಪಾಲು.

ಅದೇ ಸೈಟಿನಲ್ಲಿ ನೆಲದಡಿ ಎರಡು ಅಂತಸ್ತು ಕಾರು ನಿಲ್ಲಿಸಲು ಅಗೆದಿದ್ದೆವು. ಆ ಗುಂಡಿಯಿಂದ ಬಂದ ಕೆಮ್ಮಣ್ಣನ್ನು ನೋಡಿ ನನ್ನ ಕೈ ತುರಿಸಿತು. ಕೆಲವು ವರ್ಷಗಳ ಹಿಂದೆ ಮಣ್ಣಿನ ಇಟ್ಟಿಗೆ ಮಾಡುವ ತರಬೇತಿಗೆ ಹೋಗಿದ್ದೆ. ಈ ವಿದ್ಯೆಯ ತವರು ಬೆಂಗಳೂರೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ಅಸ್ತ್ರ ಎಂಬ ಕೇಂದ್ರ ಶುರುಮಾಡಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಯವರು ಮಣ್ಣನ್ನು ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವುದನ್ನು ವರ್ಷಗಟ್ಟಲೆ ಹದಗೊಳಿಸಿದರು. ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಒತ್ತಿ, ಮೂರು ನಾಲ್ಕು ವಾರ ನೀರು ಚಿಮುಕಿಸಿ ನೆರಳಲ್ಲಿ ಇಟ್ಟರೆ ಸಾಕು. ಸುಡುವುದೇ ಬೇಡ. ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಗೋಡೆ ಕಟ್ಟಲು ಈ ಇಟ್ಟಿಗೆಗೆ ತಗಲುವ ಶಕ್ತಿ ಸುಟ್ಟ ಇಟ್ಟಿಗೆಯದರ ನಾಲ್ಕನೇ ಒಂದು ಪಾಲು. ಕಂಬ-ತೊಲೆಯ ಕಾಂಕ್ರೀಟ್ ಕಟ್ಟಡ ಒಂದು ಚದರ ಮೀಟರಿಗೆ 4.21 ಗಿಗಾಜೂಲ್ ಶಕ್ತಿ ನುಂಗಿದರೆ, ಮಣ್ಣಿನಿಟ್ಟಿಗೆಯ ಗೋಡೆಯೇ ಭಾರ ಹೊರುವ ಕಟ್ಟಡಕ್ಕೆ 1.61 ಸಾಕು. ಇದನ್ನು ಓದಿದ ದಿನ ನನಗೆ ನಮ್ಮ ಎಂಟು ಚದರದ ಮನೆ ನೆನಪಾಯಿತು. ಕಟ್ಟುವ ಏಳು ವರ್ಷ ಮೊದಲೇ ಈ ಲೆಕ್ಕ ಪ್ರಕಟವಾಗಿತ್ತು. ನಾನು ಓದಿದ ನಾಲ್ಕು ವರ್ಷದ ಪಾಠದಲ್ಲಿ ಯಾರೂ ಹೇಳಿರಲಿಲ್ಲ.

ಗುಂಡಿಯ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಕುಲುಕಿ, ಆಫೀಸಿನ ಕಿಟಕಿಯ ಮೇಲಿಟ್ಟೆ. ಮೊದಲು ಮರಳು ಕೂತಿತು, ಅದರ ಮೇಲೆ ಮರಳಿಗಿಂತ ನುಣುಪಾದ ಗೋಡು, ಮಾರನೇ ಬೆಳಿಗ್ಗೆ ಎಲ್ಲಕ್ಕಿಂತ ಮೇಲೆ ಕೆನೆಯಂತೆ ತೆಳ್ಳಗೆ ಜೇಡಿ. ಸ್ವಲ್ಪ ಕ್ವಾರಿ ಪುಡಿ ಸೇರಿಸಿದರೆ ಇಟ್ಟಿಗೆಗೆ ಹೇಳಿ ಮಾಡಿಸಿದ ಹದ. ಒಳಗೋಡೆಗಳಿಗಾದರೂ ಇದನ್ನೇ ಬಳಸೋಣ ಎಂದು ಮೇಲಿನವರಿಗೆ ಬರೆದುಕೊಟ್ಟೆ. ಜಾಗ ಎಲ್ಲಿದೆ, ನಾಲ್ಕು ವಾರ ಕಾಯುವವರು ಯಾರು, ಕೊಳ್ಳುವವರು ಒಪ್ಪುತ್ತಾರಾ ಎಂದರು. ಮೂರೂ ಪ್ರಶ್ನೆಗಳಿಗೆ ಉತ್ತರ ತಯಾರಿತ್ತು. ಕೇಳುವಷ್ಟು ಹೊತ್ತು ಅವರಿಗಿರಲಿಲ್ಲ. ಮಣ್ಣು ರಾತ್ರಿ ಲಾರಿಗಳಲ್ಲಿ ಹೋಯಿತು. ಒಂದು ರಾತ್ರಿ ನನ್ನ ಸ್ಕೂಟರಿನಲ್ಲಿ ಹಿಂದೆಯೇ ಹೋಗಿ ನೋಡಿದೆ. ಊರ ಹೊರಗಿನ ತಗ್ಗಿನ ಜಾಗವೊಂದರಲ್ಲಿ ಸುರಿಯುತ್ತಿದ್ದರು. ಹತ್ತಿರದ ಚಹಾ ಅಂಗಡಿಯ ಅಜ್ಜ, ಅದು ಕೆರೆಯ ನೀರು ಹಾಯುತ್ತಿದ್ದ ಗದ್ದೆ ಬಯಲೆಂದು ಹೇಳಿದ. ತಗ್ಗನ್ನು ತುಂಬಿ ನಿವೇಶನ ಮಾಡುತ್ತಾರೆ. ಮುಂದೆ ನೀರು ಬಂದಾಗ ಅದಕ್ಕೆ ಹೋಗಲು ದಾರಿಯಿಲ್ಲದೆ ಯಾರದೋ ನಡುಮನೆಗೆ ನುಗ್ಗುತ್ತದೆ. ಯಮಲೂರಿನಲ್ಲಿ ಕಂಡದ್ದು ಅದನ್ನೇ. ಬೆಂಗಳೂರಿನ ಕೆರೆಗಳು ಒಂದಕ್ಕೊಂದು ಕಾಲುವೆಯಿಂದ ಕಟ್ಟಿದ ಸರ. ನಡುವೆ ಒಂದು ಎಳೆ ಕಡಿದರೂ ಮೇಲಿನ ಕೆರೆ ಉಕ್ಕುತ್ತದೆ, ಕೆಳಗಿನದು ಒಣಗುತ್ತದೆ.

ಊರಿನ ಮನೆಗೆ ಬರುತ್ತೇನೆ. ಅಪ್ಪ ಫೋನ್ ಮಾಡಿದ ಮೇಲೆ ಹೋಗಿ ನೋಡಿದೆ. ಮೌಲ್ಡಿನ ಕೆಳಭಾಗದಲ್ಲಿ ಎರಡು ಕಡೆ ಕಾಂಕ್ರೀಟು ಹಪ್ಪಳದಂತೆ ಎದ್ದಿತ್ತು, ಒಳಗೆ ಕಂಬಿ ಕೆಂಪಗೆ ಕಾಣುತ್ತಿತ್ತು. ಹೊಸ ಕಾಂಕ್ರೀಟು ಕ್ಷಾರ, ಕಂಬಿಗೆ ತುಕ್ಕು ಹಿಡಿಯಲು ಬಿಡುವುದಿಲ್ಲ. ವರ್ಷಗಳು ಕಳೆದಂತೆ ಗಾಳಿ ಒಳಸೇರಿ ಆ ಗುಣ ತಗ್ಗುತ್ತದೆ. ಜೊತೆಗೆ ನೀರೂ ಇಳಿದರೆ ಕಂಬಿ ತುಕ್ಕಾಗಿ ಹಲವು ಪಟ್ಟು ಉಬ್ಬಿ, ತನ್ನನ್ನು ಕಾಯುತ್ತಿದ್ದ ಕಾಂಕ್ರೀಟನ್ನು ತಾನೇ ಒಡೆಯುತ್ತದೆ. ಮೇಲೆ ಹತ್ತಿ ನೋಡಿದರೆ ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು, ಸರಿಯಿರಲಿಲ್ಲ. ಒಂದು ಮೂಲೆಯಲ್ಲಿ ನೀರು ನಿಂತು ಪಾಚಿ ಕಟ್ಟಿತ್ತು. ಮಾಳಿಗೆ ಮನೆ ಎಲ್ಲಿ ಸೋರುತ್ತದೆಂದು ಮೇಲೆ ನಿಂತರೇ ತಿಳಿಯುತ್ತಿತ್ತು. ಮಣ್ಣು ತಗ್ಗಾದ ಕಡೆ ಎರಡು ಪುಟ್ಟಿ ಹಾಕಿದರೆ ಮುಗಿಯಿತು. ಕಾಂಕ್ರೀಟಿನ ರೋಗ ಒಳಗೇ ಬೆಳೆಯುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಮದ್ದಿಗೆ ಪೇಟೆಯಿಂದ ಆಳು, ರಾಸಾಯನಿಕ, ಯಂತ್ರ ಬರಬೇಕು.

ಇಷ್ಟು ವರ್ಷ ನನಗೆ ಹೊಳೆಯದೇ ಇದ್ದದ್ದು ಆ ದಿನ ಮೇಲೆ ನಿಂತಾಗ ಹೊಳೆಯಿತು. ಅಪ್ಪನ ಮನೆಯನ್ನು ಅಪ್ಪನ ಕೈಗೆ ಎಟುಕದಂತೆ ಮಾಡಿದ್ದೆ. ವರ್ಷಕ್ಕೊಮ್ಮೆಯ ಚೌಳಿನ ದುಡಿಮೆ ತಪ್ಪಿಸಿದೆನೆಂದು ಸಂತೋಷಪಟ್ಟಿದ್ದೆ. ಅವ್ವನ ಮಟ್ಟಿಗೆ ಆ ಸಂತೋಷ ನಿಜವೇ. ಆದರೆ ನೋಡಿಕೊಳ್ಳುವ ಕೆಲಸವೇ ಬೇಡದ ಮನೆ ಎಂದು ನಂಬಿ ಕಟ್ಟಿಸಿದ್ದು ತಪ್ಪು. ಅಂಥ ಮನೆ ಇಲ್ಲ. ಹನ್ನೆರಡು ವರ್ಷ ಯಾರೂ ಮೇಲೆ ಹತ್ತಿ ನೋಡಿರಲಿಲ್ಲ, ಹತ್ತುವುದಕ್ಕೆ ನಾನು ಮೆಟ್ಟಿಲನ್ನೂ ಕಟ್ಟಿಸಿರಲಿಲ್ಲ. ಮೂವತ್ತು ವರ್ಷ ತುಂಬುವ ಮೊದಲೇ ಅಪಾರ್ಟ್‌ಮೆಂಟುಗಳನ್ನು ಕೆಡವಿ ಮತ್ತೆ ಕಟ್ಟುವ ಮಾತು ಬೆಂಗಳೂರಿನಲ್ಲಿ ಕೇಳಿದಾಗಲೆಲ್ಲ ಆ ಪಾಚಿಯ ಮೂಲೆ ಕಣ್ಣಮುಂದೆ ಬರುತ್ತದೆ. ಕೆಡವಿದರೆ ಅವು ಹೊಲಕ್ಕೂ ಹೋಗುವುದಿಲ್ಲ, ಕೊಟ್ಟಿಗೆಗೂ ಆಗುವುದಿಲ್ಲ. ಕಟ್ಟಡದ ಅವಶೇಷ ಎಲ್ಲಿ ಹಾಕಬೇಕೆಂದು 2016ರಿಂದ ನಿಯಮವಿದೆ. ಆದರೂ ರಾಜಕಾಲುವೆಯ ದಡದಲ್ಲಿ ನಡೆದರೆ ಮುರಿದ ಟೈಲು, ಕಮೋಡು, ಗೋಡೆಯ ಚೂರು ಕಾಲಿಗೆ ಸಿಗುತ್ತವೆ.

ತುಕ್ಕು ಕೆರೆದು, ಕಂಬಿಗೆ ತುಕ್ಕು ತಡೆಯುವ ಲೇಪ ಬಳಿದು, ಬಿರುಕು ಮುಚ್ಚಿ, ಮೇಲೆ ವಾಟ ಸರಿಮಾಡಿ, ಕಬ್ಬಿಣದ ಏಣಿ ಹಾಕಿಸಿದೆ. ಸೋರುವುದು ನಿಂತಿತು. ಉಳಿದದ್ದು ಸೆಕೆ. 2024ರ ಎಪ್ರಿಲ್‌ನಲ್ಲಿ ಊರಿಗೆ ಹೋದಾಗ ಅಪ್ಪ ಅವ್ವ ಇಬ್ಬರೂ ಹಾಸಿಗೆ ಸುತ್ತಿಕೊಂಡು ಬೇವಿನ ಮರದ ಕೆಳಗೆ ಮಲಗುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಸ್ಟೂಲು ಹತ್ತಿ ಮೌಲ್ಡಿನ ತಳಕ್ಕೆ ಅಂಗೈ ಇಟ್ಟೆ. ರೊಟ್ಟಿ ಬೇಯಿಸಿ ಇಳಿಸಿದ ಹಂಚಿನಂತೆ ಕಾದಿತ್ತು. ಮಾಳಿಗೆ ಮನೆಯಲ್ಲಿ ಮಣ್ಣು ದಪ್ಪ, ಹಗಲಿನ ಬಿಸಿ ಒಳಗಿಳಿಯುವ ಹೊತ್ತಿಗೆ ರಾತ್ರಿ ತಂಪಾಗಿರುತ್ತಿತ್ತು. ಐದಿಂಚಿನ ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ಸರಿಯಾಗಿ ಮಲಗುವ ಹೊತ್ತಿಗೆ ಕೆಳಗೆ ಸುರಿಯುತ್ತದೆ.

"ಇದರ ಮೇಲೂ ಅರ್ಧ ಅಡಿ ಚೌಳು ಹಾಕಿದ್ರೆ?" ಎಂದ ಅಪ್ಪ. ಒಳ್ಳೆಯ ಪ್ರಶ್ನೆ. ಕಾಗದ ತೆಗೆದು ಲೆಕ್ಕ ಹಾಕಿದೆ. ಅರ್ಧ ಅಡಿ ಮಣ್ಣು ಒಂದು ಚದರ ಮೀಟರಿಗೆ ಇನ್ನೂರೈವತ್ತು ಕಿಲೋಗೂ ಹೆಚ್ಚು ತೂಗುತ್ತದೆ, ನೆನೆದರೆ ಇನ್ನೂ ಜಾಸ್ತಿ. ಮೇಲೆ ಓಡಾಡುವವರ ಭಾರಕ್ಕೆಂದು ನಾನು ಹಿಡಿದಿದ್ದದ್ದು ನೂರೈವತ್ತು. ಆಗುವುದಿಲ್ಲ ಅಪ್ಪ ಎಂದೆ. ಕಮರದ ಕಂಬ ಹೊತ್ತದ್ದನ್ನು ಇದು ಹೊರಲ್ವಾ ಎಂದು ಅವನಿಗೆ ಆಶ್ಚರ್ಯ. ಆ ಮನೆಯನ್ನು ಮಣ್ಣು ಹೊರಲೆಂದೇ ಕಟ್ಟಿದ್ದರು, ಇದನ್ನು ನಾನು ಹಾಗೆ ಕಟ್ಟಿಲ್ಲ ಎಂದು ಹೇಳಬೇಕಾಯಿತು.

ಕೊನೆಗೆ ಒದಗಿದ್ದು ಸುಣ್ಣ. ಸುಟ್ಟ ಸುಣ್ಣದ ಹರಳು ತಂದು, ಡ್ರಮ್ಮಿನಲ್ಲಿ ಅರಳಿಸಿ, ಎರಡು ದಿನ ಬಿಟ್ಟು ಸೋಸಿ, ಅಂಟಿಗೆ ಅಕ್ಕಿ ಗಂಜಿ ಬೆರೆಸಿ, ಉದ್ದ ಪೊರಕೆಯಿಂದ ಮೂರು ಕೋಟು ಬಳಿದೆವು. ಸುಣ್ಣವನ್ನೂ ಕಲ್ಲು ಸುಟ್ಟೇ ಮಾಡುವುದು ನಿಜ. ಆದರೆ ಅದು ಒಣಗುತ್ತಾ ಗಾಳಿಯಿಂದ ಇಂಗಾಲವನ್ನು ಹಿಂದಕ್ಕೆ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಬೆಳ್ಳಗಿನ ಸೂರು ಬಿಸಿಲನ್ನು ಬಂದ ದಾರಿಯಲ್ಲೇ ಕಳಿಸುತ್ತದೆ. ಮೂರನೇ ದಿನ ರಾತ್ರಿ ಅಪ್ಪ ಹಾಸಿಗೆಯನ್ನು ಒಳಗೆ ತಂದ. ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ಆದ್ದರಿಂದ ಪ್ರತಿ ವರ್ಷ ಬಳಿಯಬೇಕು. ಇದನ್ನು ಕೊರತೆಯೆಂದು ಹೇಳಲು ಹೊರಟವಳು, ಅಪ್ಪನ ಮುಖ ನೋಡಿ ಸುಮ್ಮನಾದೆ. ಅವನಾಗಲೇ ಯುಗಾದಿಗೆ ಎಷ್ಟು ದಿನ ಮುಂಚೆ ಹರಳು ತರಬೇಕೆಂದು ಲೆಕ್ಕ ಹಾಕುತ್ತಿದ್ದ. ಈಗ ಏಣಿ ಹತ್ತುವುದು ಅಣ್ಣನ ಮಗ. ಅಪ್ಪ ಕೆಳಗೆ ನಿಂತು ಹೇಳುತ್ತಾನೆ. ಸುಣ್ಣ ಹೊರುವುದು ಈ ಸಲ ಗಂಡಸರ ಪಾಲು, ಅವ್ವನದು ಗಂಜಿ ಕಾಯಿಸುವುದಷ್ಟೇ.

ಅವ್ವ ಮಾತ್ರ ಒಂದು ವಿಷಯದಲ್ಲಿ ಜಗ್ಗಲಿಲ್ಲ. ಅವಳಿಗೆ ಮೌಲ್ಡಿನ ಮೇಲೆ ಶೇಂಗಾ, ಹುಣಸೆಹಣ್ಣು ಒಣಗಿಸಬೇಕು. ಸುಣ್ಣ ಹತ್ತಿದರೆ ತಿನ್ನಲು ಬರುವುದಿಲ್ಲ. ಅಡುಗೆ ಮನೆಯ ಮೇಲೆ ಒಂದಷ್ಟು ಜಾಗವನ್ನು ಬಳಿಯದೆ ಬಿಡಿಸಿಕೊಂಡಿದ್ದಾಳೆ. ಹೋದ ಬೇಸಿಗೆ ಊರಿಗೆ ಹೋದಾಗ ರಾತ್ರಿ ಕರೆಂಟು ಹೋಗಿತ್ತು. ಕತ್ತಲಲ್ಲಿ ಸ್ಟೂಲು ಎಳೆದುಕೊಂಡು ಸೂರಿಗೆ ಅಂಗೈ ಇಟ್ಟು ನೋಡುತ್ತಾ ಹೋದೆ. ನಡುಮನೆ ತಂಪು, ಕೋಣೆ ತಂಪು, ಅಡುಗೆ ಮನೆಯ ನಡುವಿಗೆ ಬರುತ್ತಿದ್ದಂತೆ ಕೈಗೆ ಬಿಸಿ ತಾಗಿತು. ಬೆರಳಿನಿಂದ ಅಂಚು ಹುಡುಕುತ್ತಾ ಹೋದರೆ ಅವ್ವನ ಚೌಕ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ತಿಳಿಯುತ್ತಿತ್ತು.